ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡಿ

ನಿಮ್ಮ ಮನೆಯಲ್ಲೂ ಒಂದು ಇರಬಹುದು, ಸೋದರಿಯರೆ. ಹಿತ್ತಲಿನ ಬಚ್ಚಲ ಪಕ್ಕದಲ್ಲೋ, ಮೆಟ್ಟಿಲ ಕೆಳಗಿನ ಸಂದಿಯಲ್ಲೋ, ಗೋಣಿಚೀಲ, ಒಡೆದ ಬಕೆಟ್ಟು, ಕಾಲು ಮುರಿದ ಸ್ಟೂಲಿನ ನಡುವೆ ಗೋಡೆಗೆ ಒರಗಿ ನಿಂತ ಹಳೆಯ ಸೈಕಲ್ಲು. ಟೈರು ಒಣಗಿ ಬಿರುಕು ಬಿಟ್ಟಿರುತ್ತದೆ. ಹ್ಯಾಂಡಲ್ಲಿನ ಮೇಲೆ ನೆಲ ಒರೆಸುವ ಬಟ್ಟೆ ಒಣಗುತ್ತಿರುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದಕ್ಕೊಂದು ಕುಂಕುಮದ ಬೊಟ್ಟು, ಒಂದು ಸೇವಂತಿಗೆ. ಮಾರನೆಯ ದಿನದಿಂದ ಅದು ಮತ್ತೆ ಕಾಲಿಗೆ ಅಡ್ಡ. "ಹಳೇ ಪೇಪರ್, ಹಳೇ ಕಬ್ಣಾ" ಎಂದು ಕೂಗುತ್ತ ಬರುವವನ ತಕ್ಕಡಿಗೆ ಹಾಕಿದರೆ ಸುಮಾರು ಇಪ್ಪತ್ತು ಕಿಲೋ ತೂಗುತ್ತದೆ. ಮನೆಯೂ ಚೊಕ್ಕಟವಾಯಿತು, ಕೈಗೆ ನಾಲ್ಕು ಕಾಸೂ ಬಂತು ಅನ್ನಿಸುವುದು ಸಹಜವೇ.

ಹಾಗೆ ಮಾಡುವ ಮುನ್ನ ಇದನ್ನೊಂದಿಷ್ಟು ಓದಿ. ಹಳೆಯ ಸೈಕಲ್ಲನ್ನು ಅದು ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಆ ರೂಪಕ್ಕೆ ತರುವ ಕೆಲಸ ನಮ್ಮ ಮನೆಯಲ್ಲಿ ಕಳೆದ ವರ್ಷ ಐದು ತಿಂಗಳು ನಡೆಯಿತು. ಇದೆಲ್ಲ ಗಂಡಸರ ಉಸಾಬರಿ, ನಮಗ್ಯಾಕೆ ಎಂದು ಮೂಗು ಮುರಿಯಬೇಡಿ. ಹಿತ್ತಾಳೆ ಕೊಳಗ ಬೆಳಗಿದ, ರೇಷ್ಮೆ ಸೀರೆಯ ಕಲೆ ತೆಗೆದ ಕೈಗೆ ಇದರಲ್ಲಿ ಅರ್ಧ ಕೆಲಸ ಹೊಸದಲ್ಲ. ಉಳಿದರ್ಧಕ್ಕೆ ಮೆಕ್ಯಾನಿಕ್ ಇದ್ದಾರೆ.

ಮೊದಲು ಹೆಸರು ತಿಳಿಯಿರಿ

ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಚಿಂತೆಯಿಲ್ಲ. ಪೆಡಲಿನ ಪಕ್ಕದ ದೊಡ್ಡ ಹಲ್ಲುಚಕ್ರ ನೋಡಿ. ಹಳೆಯ ಇಂಗ್ಲಿಷ್ ಕಂಪನಿಗಳು ತಮ್ಮ ಗುರುತನ್ನು ಆ ಚಕ್ರದೊಳಗೇ ಕತ್ತರಿಸಿ ಇಡುತ್ತಿದ್ದವು. ಕೊಕ್ಕರೆಯ ತಲೆಗಳಿದ್ದರೆ ಅದು ರ‍್ಯಾಲಿ. ಅಂಗೈ ಇದ್ದರೆ ರಡ್ಜ್. ಓಡುತ್ತಿರುವ ಪುಟ್ಟ ಮನುಷ್ಯರಿದ್ದರೆ ಹಂಬರ್. ಬಿ.ಎಸ್.ಎ. ಸೈಕಲ್ಲಿನಲ್ಲಿ ಆ ಮೂರು ಅಕ್ಷರಗಳೇ ಕುಳಿತಿರುತ್ತವೆ. ರಂಗೋಲಿಯಲ್ಲಿ ಹಂಸ, ನವಿಲು ಹುಡುಕಿದ ಹಾಗೆ ಮಕ್ಕಳನ್ನು ಹುಡುಕಲು ಕೂರಿಸಿ, ಅವರಿಗೂ ಖುಷಿ. ಹಂಬರನ್ನು 1932ರಲ್ಲಿ, ರಡ್ಜನ್ನು 1943ರಲ್ಲಿ ರ‍್ಯಾಲಿಯವರೇ ಕೊಂಡರು. ಆದ್ದರಿಂದ ಆಮೇಲಿನ ಈ ಮೂರೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ.

ರ‍್ಯಾಲಿ ಅನ್ನುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನ ಒಂದು ಬೀದಿಯ ಹೆಸರು. ಅಲ್ಲಿದ್ದ ಸಣ್ಣ ಸೈಕಲ್ ಅಂಗಡಿಯನ್ನು 1880ರ ದಶಕದ ಕೊನೆಯಲ್ಲಿ ಫ್ರಾಂಕ್ ಬೌಡನ್ ಎನ್ನುವವರು ಕೊಂಡರಂತೆ. ಅವರು ಕಾಯಿಲೆಯಿಂದ ಸೊರಗಿದ್ದರು. ಸೈಕಲ್ ತುಳಿಯಿರಿ ಎಂದು ವೈದ್ಯರು ಹೇಳಿದರು. ತುಳಿದು ಗುಣವಾದರು, ಆ ಸಂತೋಷಕ್ಕೆ ಕಂಪನಿಯನ್ನೇ ಕೊಂಡರು. ಔಷಧಿ ಗುಣ ಕೊಟ್ಟಿತೆಂದು ಅಂಗಡಿಯನ್ನೇ ಕೊಂಡ ಹಾಗಾಯಿತು ನೋಡಿ!

ನಿಮ್ಮ ಮನೆಯದು ವಿಲಾಯತಿಯದಲ್ಲ ಎಂದು ಬೇಸರ ಬೇಡ. 1949ರಲ್ಲಿ ಹುಟ್ಟಿದ ಟಿ.ಐ. ಕಂಪನಿ ಮದರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್, ಬಿ.ಎಸ್.ಎ., ಫಿಲಿಪ್ಸ್ ಸೈಕಲ್ಲುಗಳನ್ನು ಮಾಡಿತು. ಬಂಗಾಳದ ಆಸನ್ಸೋಲಿನಲ್ಲಿ ಸೆನ್-ರ‍್ಯಾಲಿ ಇತ್ತು, ಈಗಿಲ್ಲ. ಸೋನೆಪತ್ತಿನಲ್ಲಿ 1951ರಲ್ಲಿ ಶುರುವಾದ ಅಟ್ಲಾಸ್ ಕಂಪನಿ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿತು. ನಮ್ಮ ಅಪ್ಪಂದಿರು ಪೇಟೆಗೆ, ಹೊಲಕ್ಕೆ ಹೋಗುತ್ತಿದ್ದ ಅಟ್ಲಾಸ್ ಕೂಡ ಇನ್ನು ಹಳೆಯ ಕಾಲದ ವಸ್ತುವೇ. ಪುಣೆಯ ಕರ್ವೆನಗರದಲ್ಲಿ ವಿಕ್ರಮ್ ಪೆಂಡ್ಸೆ ಅನ್ನುವವರು ಹಳೆ ಸೈಕಲ್ಲುಗಳಿಗೆಂದೇ ಒಂದು ಸಂಗ್ರಹಾಲಯ ಮಾಡಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದ ಮಡಚುವ ಬಿ.ಎಸ್.ಎ. ಸೈಕಲ್ಲೂ ಅಲ್ಲಿದೆ.

ನಮ್ಮ ಮನೆಯ ರ‍್ಯಾಲಿ

ನಮ್ಮದು ಹಲಸೂರು, ಸೋಮೇಶ್ವರ ದೇವಸ್ಥಾನದ ಹತ್ತಿರದ ಹಳೆಯ ಮನೆ. ನಮ್ಮ ಮಾವನವರು ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ ಐ.ಟಿ.ಐ. ಕಾರ್ಖಾನೆಯಲ್ಲಿದ್ದರು. ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಡಲು 1948ರಲ್ಲಿ ಶುರುವಾದ ಕಾರ್ಖಾನೆ ಅದು. ಮನೆಯಿಂದ ಒಂಬತ್ತು ಹತ್ತು ಕಿಲೋಮೀಟರು. ಹಳೆ ಮದ್ರಾಸ್ ರಸ್ತೆ ಹಿಡಿದು, ಎನ್.ಜಿ.ಇ.ಎಫ್. ದಾಟಿ, ಬೆನ್ನಿಗಾನಹಳ್ಳಿ ಕೆರೆ ದಾಟಿ, ಟಿನ್ ಫ್ಯಾಕ್ಟರಿ ದಾಟಿ ಹೋಗಬೇಕು. ಬೆಳಗಿನ ಪಾಳಿಯ ಹೊತ್ತಿಗೆ ಆ ರಸ್ತೆಯಲ್ಲಿ ಸೈಕಲ್ಲುಗಳದ್ದೇ ಸಾಲು, ಕ್ಯಾರಿಯರಿನಲ್ಲಿ ಊಟದ ಡಬ್ಬಿ. ಈಗ ಅಲ್ಲಿ ತಲೆಯ ಮೇಲೆ ಮೆಟ್ರೋ ಓಡುತ್ತದೆ. ಎನ್.ಜಿ.ಇ.ಎಫ್. 2002ರಲ್ಲೇ ಮುಚ್ಚಿತು.

ಸೈಕಲ್ಲನ್ನು ಅವರು 1969ರಲ್ಲಿ ಫ್ರೇಜರ್ ಟೌನಿನ ಒಬ್ಬ ಆಂಗ್ಲೋ-ಇಂಡಿಯನ್ ದೊರೆಗಳಿಂದ ನೂರೈವತ್ತು ರೂಪಾಯಿಗೆ ಕೊಂಡದ್ದು. ಕಂಟೋನ್ಮೆಂಟಿನ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಆ ವರ್ಷಗಳಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದವು. ಪಿಯಾನೋ, ಬೀರು, ಸೈಕಲ್ಲು ಎಲ್ಲ ಮಾರಾಟಕ್ಕೆ. ನಮ್ಮತ್ತೆ ಹೇಳುತ್ತಾರೆ: "ಎರಡು ತಿಂಗಳ ಚೀಟಿ ದುಡ್ಡು ಕಣೇ ಅದು. ನಾನು ಎರಡು ದಿನ ಮಾತಾಡಿಸ್ಲಿಲ್ಲ ಅವರನ್ನ."

ಆಮೇಲೆ ಅತ್ತೆಯವರೂ ಅದರ ಹಿಂದೆ ಕೂತು ಊರೆಲ್ಲ ನೋಡಿದರು ಅನ್ನಿ. ಡಬಲ್ಸ್ ಹೋದರೆ ಪೊಲೀಸರು ಹಿಡಿಯುತ್ತಿದ್ದ ಕಾಲ. ಸರ್ಕಲ್ ಬಂದಾಗ ಇಳಿದು ಯಾರೋ ಬೇರೆಯವರ ಹಾಗೆ ನಡೆಯುವುದು, ತಿರುವು ದಾಟಿದ ಮೇಲೆ ಮತ್ತೆ ಹತ್ತುವುದು! ಸಂಜೆಯಾದರೆ ದೀಪ ಇರಲೇಬೇಕು, ವರ್ಷವರ್ಷ ಕಾರ್ಪೊರೇಷನ್ನಿನ ಬಿಲ್ಲೆ ಇರಲೇಬೇಕು. ನಮ್ಮವರು ಹುಟ್ಟಿದ ಮೇಲೆ ಮುಂದಿನ ಅಡ್ಡ ಕೊಳವೆಗೆ ಒಂದು ಪುಟ್ಟ ಮಕ್ಕಳ ಸೀಟು ಬಂತು. 1984ರ ಆಯುಧಪೂಜೆಗೆ ಮಾವನವರು ಕಪ್ಪು ಸೈಕಲ್ಲಿಗೆ ಪೂರ್ತಿ ಹಸಿರು ಬಣ್ಣ ಹೊಡೆಸಿದರು. 1998ರಲ್ಲಿ ನಿವೃತ್ತಿ. ಅವತ್ತು ಮೆಟ್ಟಿಲ ಕೆಳಗೆ ನಿಂತದ್ದು ಇಪ್ಪತ್ತೈದು ವರ್ಷ ಅಲ್ಲೇ ಇತ್ತು. ಮಾವನವರು 2011ರಲ್ಲಿ ತೀರಿಕೊಂಡರು.

ಇಂದಿರಾನಗರದ ಒಂದು ಕಾಫಿ ಹೋಟೆಲಿನವರು ಹೇಗೋ ಸುದ್ದಿ ತಿಳಿದು ಬಂದರು. ಈಗಿನ ಹೋಟೆಲುಗಳಲ್ಲಿ ಗೋಡೆಗೆ ಹಳೆ ಸೈಕಲ್ಲು ನೇತುಹಾಕುವುದು ಒಂದು ಸೊಗಸಂತೆ. ಇದ್ದ ಸ್ಥಿತಿಯಲ್ಲೇ ಹನ್ನೆರಡು ಸಾವಿರ ಕೊಡುತ್ತೇವೆ ಎಂದರು. ಮಗನ ಕಾಲೇಜು ಫೀಜು ಕಟ್ಟುವ ತಿಂಗಳು ಅದು. ನಮ್ಮವರು ಕೊಟ್ಟುಬಿಡುವ ಅಂದಾಜಿನಲ್ಲೇ ಇದ್ದರು, ಅವರನ್ನು ತಪ್ಪು ಅನ್ನಲಾರೆ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆಯೇ ಅಂದರು: "ಗೋಡೆಗೆ ನೇತುಹಾಕೋಕೆ ಅದೇನು ಜಿಂಕೆ ತಲೆನೇನೋ?"

ಮಾತು ಅಲ್ಲಿಗೆ ನಿಂತಿತು. ಹಾಗಾದರೆ ಓಡುವ ಸ್ಥಿತಿಗೆ ತರೋಣ, ತರುವುದಾದರೆ ಮೊದಲಿನ ಹಾಗೇ ತರೋಣ ಎಂದು ಹಟ ಹಿಡಿದವನು ನನ್ನ ಮಗ. ಫೀಜಿಗೆ ನನ್ನ ಚೀಟಿ ಎತ್ತಿದ್ದಾಯಿತು.

ಬಣ್ಣ ಹೊಡೆಸಬೇಡಿ!

ಮಗನ ಲೆಕ್ಕ ಸರಳವಾಗಿತ್ತು. ಎಲ್ಲ ಬಣ್ಣ ಕೆರೆದುಹಾಕಿ, ಹೊಸ ಕಪ್ಪು ಹೊಡೆಸಿ, ಪೇಟೆಯಲ್ಲಿ ಸಿಗುವ ನಕಲಿ ಸ್ಟಿಕ್ಕರು ಅಂಟಿಸಿದರೆ ಫಳಫಳ. ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿಗೆ ಸಮೀಪದ ಗಲ್ಲಿಯೊಂದರಲ್ಲಿ, ಎಪ್ಪತ್ತು ದಾಟಿದ ಒಬ್ಬ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಅವರು ಚಾಚಾ. ಅವರು ಸೈಕಲ್ಲಿನ ಕೊಳವೆಯನ್ನು ಉಗುರಿನಿಂದ ಒಂದು ಕಡೆ ಗೀರಿ, ಕನ್ನಡಕ ಏರಿಸಿ ನೋಡಿ ನನ್ನ ಕಡೆ ತಿರುಗಿದರು.

"ನೋಡಮ್ಮಾ, ಪೇಂಟು ಯಾರ್ ಬೇಕಾದ್ರೂ ಹೊಡೀತಾರೆ, ಒಂದ್ ದಿನದ ಕೆಲ್ಸ. ಕಂಪ್ನಿ ಪೇಂಟು ಒಂದೇ ಸಲ ಬರೋದು. ಈ ಹಸಿರು ಕೆಳಗೆ ಅದು ಐತೆ. ನೀವು ಕೆರೆಸಿಬಿಟ್ರೆ ನಾಟಿಂಗ್‌ಹ್ಯಾಮಿಂದ ಯಾರೂ ಬಂದು ಹೊಡ್ಕೊಡಲ್ಲ."

ಇಡೀ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಮೊದಲಿನ ಸ್ಥಿತಿ ಅಂದರೆ ಹೊಸದರಂತೆ ಹೊಳೆಯುವುದು ಅಂತ ನಾವು ತಿಳಿಯುತ್ತೇವೆ. ಅದಲ್ಲ. ಮೊದಲಿನದು ಎಷ್ಟು ಉಳಿದಿದೆಯೋ ಅಷ್ಟನ್ನು ಕಳೆಯದೆ, ಮೇಲೆ ಕೂತದ್ದನ್ನು ಮಾತ್ರ ತೆಗೆಯುವುದು. ಹಳೆಯ ಸೈಕಲ್ಲಿನ ಕಪ್ಪು ಎನಾಮೆಲನ್ನು ಒಲೆಯಂಥ ಗೂಡಿನಲ್ಲಿ ಬೇಯಿಸಿ ಗಟ್ಟಿ ಮಾಡುತ್ತಿದ್ದರು. ಅದರ ಮೇಲಿನ ಬಂಗಾರದ ಸಣ್ಣ ಗೆರೆಗಳನ್ನು ನುರಿತ ಕೆಲಸಗಾರರು ಉದ್ದ ಕೂದಲಿನ ಕುಂಚದಿಂದ ಒಂದೇ ಎಳೆತದಲ್ಲಿ ಎಳೆಯುತ್ತಿದ್ದರು. ಹೆಸರು ಮತ್ತು ಚಿತ್ರ ತೆಳ್ಳನೆಯ ಅಚ್ಚುಹಾಳೆಯಿಂದ ಇಳಿಸಿದ್ದು. ಥಿನ್ನರ್ ಸೋಕಿದರೆ ಕ್ಷಣದಲ್ಲಿ ಮಾಯ.

ನಮ್ಮ ನೆಂಟರೊಬ್ಬರು ತಮ್ಮ ತಂದೆಯ ಹರ್ಕ್ಯುಲಿಸ್ಸನ್ನು ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದರು. ಮರಳು ಹೊಡೆದು, ಪುಡಿ ಬಣ್ಣ ಬೇಯಿಸಿ ಕೊಟ್ಟರು. ಸೀಟಿನ ಕೆಳಗೆ ಕೊರೆದಿದ್ದ ನಂಬರು ಬಣ್ಣದಲ್ಲಿ ಮುಚ್ಚಿಹೋಯಿತು. ಮುಂದಿನ ಹಿತ್ತಾಳೆ ಬಿಲ್ಲೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಈಗ ಅದು ಅಂಗಡಿಯಲ್ಲಿ ಐದು ಸಾವಿರಕ್ಕೆ ಸಿಗುವ ಸೈಕಲ್ಲಿನಂತೆ ಕಾಣುತ್ತದೆ, ಅವರಿಗೇ ಅದರ ಮುಖ ನೋಡಲು ಮನಸ್ಸಿಲ್ಲ.

ಅಡುಗೆಮನೆಯ ಉಪಾಯಗಳು

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಯಾವ ವಾಷರು ಯಾವುದರ ಹಿಂದೆ ಇತ್ತು ಎಂಬುದು ಮೂರು ತಿಂಗಳ ಮೇಲೆ ಬ್ರಹ್ಮನಿಗೂ ನೆನಪಿರುವುದಿಲ್ಲ. ಬಿಚ್ಚಿದ ಚೂರುಗಳಿಗೆ ನಾನು ಹಳೆಯ ಇಡ್ಲಿ ತಟ್ಟೆಗಳನ್ನು ಕೊಟ್ಟೆ. ಒಂದೊಂದು ಗುಳಿಗೆ ಒಂದೊಂದು ಭಾಗ, ಪಕ್ಕದಲ್ಲಿ ಚೀಟಿ. (ಆ ತಟ್ಟೆಗಳು ಮತ್ತೆ ಒಲೆಗೆ ಏರಬಾರದು, ಅದನ್ನು ಬೇರೆ ಹೇಳಬೇಕಾಗಿಲ್ಲವಲ್ಲ.)

ಮೊದಲ ಸ್ನಾನ ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ, ಹಳೆ ಪಂಚೆಯ ತುಂಡಿನಿಂದ. ಪೈಪಿನಲ್ಲಿ ರಭಸವಾಗಿ ನೀರು ಬಿಡಬೇಡಿ, ಒಳಗಿನ ಗುಂಡುಗಳಿಗೆ ನೀರು ಹೋಗುತ್ತದೆ. ಚೈನು, ಹಬ್ಬಿನ ಮೇಲೆ ಮೇಣದಂತೆ ಕಟ್ಟಿದ ಕರಿ ಜಿಡ್ಡಿಗೆ ಸೀಮೆಎಣ್ಣೆ, ಹಳೆ ಹಲ್ಲುಜ್ಜುವ ಬ್ರಷ್ಷು. ಅಚ್ಚಿನ ಅಕ್ಷರಗಳಿರುವ ಕಡೆ ಮಾತ್ರ ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಏನೂ ಬೇಡ.

ತುಕ್ಕು ಹಿಡಿದ ನಟ್ಟು, ಬೋಲ್ಟು, ಕಡ್ಡಿಗಳಿಗೆ ಹುಣಸೆಹಣ್ಣು. ಹೌದು, ನಿಮ್ಮ ಡಬ್ಬಿಯ ಹುಣಸೆಹಣ್ಣೇ! ಅದರ ಹುಳಿ ತುಕ್ಕನ್ನು ಕರಗಿಸುತ್ತದೆ. ಗಟ್ಟಿಯಾಗಿ ಕಿವುಚಿ ಮೆತ್ತಿ, ಒಂದೆರಡು ಗಂಟೆ ಬಿಟ್ಟು ಉಜ್ಜಿ. ಹಿತ್ತಾಳೆ ಪಾತ್ರೆಗೆ ಹಾಕುವ ಹಾಗೆ ಇದಕ್ಕೆ ಉಪ್ಪು ಸೇರಿಸಬೇಡಿ. ಉಪ್ಪು ತಾಗಿದ ಕಬ್ಬಿಣ ನಾಲ್ಕೇ ದಿನದಲ್ಲಿ ಮತ್ತೆ ಕೆಂಪಾಗುತ್ತದೆ. ಆಮೇಲೆ ಅಡಿಗೆ ಸೋಡ ಬೆರೆಸಿದ ನೀರಿನಲ್ಲಿ ತೊಳೆದು ಹುಳಿ ಕಳೆಯಿರಿ, ಕೂಡಲೇ ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟು ತೆಳುವಾಗಿ ಎಣ್ಣೆ ಸವರಿ.

ಹ್ಯಾಂಡಲ್, ರಿಮ್ಮಿನ ಕ್ರೋಮ್ ಹೊಳಪಿಗೆ ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ತಿಕ್ಕಿ. ಅಲ್ಯುಮಿನಿಯಂ ಕ್ರೋಮಿಗಿಂತ ಮೆತ್ತಗಿನದು, ಆದ್ದರಿಂದ ಗೀರು ಬೀಳುವುದಿಲ್ಲ, ತುಕ್ಕಿನ ಚುಕ್ಕೆ ಮಾತ್ರ ಎದ್ದುಹೋಗುತ್ತದೆ. ಮರಳು ಕಾಗದ, ಕಬ್ಬಿಣದ ನಾರು ಹತ್ತಿರವೂ ತರಬೇಡಿ. ಆಕ್ಸಾಲಿಕ್ ಆಸಿಡ್ ಎಂಬ ಬಿಳಿ ಪುಡಿಯ ನೀರಿನಲ್ಲಿ ಅದ್ದಿಟ್ಟರೆ ಬಣ್ಣ ಉಳಿದು ತುಕ್ಕು ಮಾತ್ರ ಬಿಡುತ್ತದೆ ಎಂದು ಇದೇ ಹವ್ಯಾಸದವರು ಬಳಸುತ್ತಾರೆ. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ ಎಂದು ನಾನು ಒಳಗೆ ಬಿಡಲಿಲ್ಲ. ಹುಣಸೆಹಣ್ಣಿಗೆ ಸ್ವಲ್ಪ ಹೆಚ್ಚು ದಿನ ಹಿಡಿಯಿತು, ಅಷ್ಟೇ.

ಹಸಿರಿನ ಕೆಳಗೆ

ಈಗ ಬಂತು ನೋಡಿ ನಿಜವಾದ ಕಷ್ಟ. ಕುಂಚದಿಂದ ಹೊಡೆದ ಹಸಿರು ಬಣ್ಣ ಕೆಳಗಿನ ಬೇಯಿಸಿದ ಕಪ್ಪಿಗೆ ಗಟ್ಟಿಯಾಗಿ ಹಿಡಿದಿರಲಿಲ್ಲ. ತಲೆಕೂದಲು ಒಣಗಿಸುವ ಯಂತ್ರದಿಂದ ಹದವಾಗಿ ಬಿಸಿ ಕೊಟ್ಟರೆ ಮೆತ್ತಗಾಗುತ್ತದೆ. ಹಳೆಯ ಎ.ಟಿ.ಎಂ. ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿದರೆ ಹಾಲಿನ ಕೆನೆಯಂತೆ ಸುರುಳಿಯಾಗಿ ಏಳುತ್ತದೆ. ಮೊದಲು ಯಾರಿಗೂ ಕಾಣದ ಜಾಗದಲ್ಲಿ, ಒಂದು ರೂಪಾಯಿ ಅಗಲದಷ್ಟು ಮಾಡಿ ನೋಡಿ ಎಂದು ಚಾಚಾ ಹೇಳಿದ್ದರು. ಹಾಗೇ ಮಾಡಿದೆವು. ಕೆಳಗಿನ ಕಪ್ಪು ಕನ್ನಡಿಯ ಹಾಗಿತ್ತು.

ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ನಾನು ಕೂರುತ್ತಿದ್ದೆ. ದಿನಕ್ಕೆ ಒಂದು ಗೇಣು. ಮೂರನೆಯ ವಾರ ಚೈನಿನ ಮುಚ್ಚಳದ ಮೇಲೆ ಬಂಗಾರದ ಗೆರೆ ಕಂಡಿತು, ಎಲ್ಲೂ ಕಡಿಯದ ಒಂದೇ ಗೆರೆ. ಅಕ್ಷರಗಳಿದ್ದ ಕಡೆ ಬಿಸಿಯೂ ಇಲ್ಲ, ಕಾರ್ಡೂ ಇಲ್ಲ, ಬರೀ ಹೆಬ್ಬೆರಳಿನ ಉಗುರು. ರ‍್ಯಾಲಿ ಅನ್ನುವ ಹೆಸರಿನ ಮೊದಲ ಎರಡು ಅಕ್ಷರ ಅರ್ಧ ಸವೆದಿದ್ದವು, ಉಳಿದವು ಹಾಗೇ ಇದ್ದವು. ಹಿಂದಿನ ಮಡ್‌ಗಾರ್ಡಿನ ತುದಿಯ ಬಿಳಿ ಪಟ್ಟಿಯೂ ಸಿಕ್ಕಿತು.

ಒಂದು ದಿನ ಅತ್ತೆ ಬಂದು ಪಕ್ಕದಲ್ಲಿ ಕೂತರು. ನೆಲದ ಮೇಲೆ ಬಿದ್ದ ಹಸಿರು ಚೂರುಗಳನ್ನು ಅಂಗೈಯಲ್ಲಿ ತೆಗೆದುಕೊಂಡರು.

"ಮೊದ್ಲಿನ ಹಾಗೆ ಮಾಡ್ತೀನಿ ಮೊದ್ಲಿನ ಹಾಗೆ ಮಾಡ್ತೀನಿ ಅಂತೀರಲ್ಲ, ಯಾರ ಮೊದ್ಲು? ಕಪ್ಪು ಆ ದೊರೆಗಳದ್ದು. ನಮ್ಮವರ್ದು ಹಸಿರು."

ನನ್ನ ಕೈ ನಿಂತಿತು. ಆ ವರ್ಷ ಅವರಿಗೆ ಬೋನಸ್ ಬಂದಿತ್ತಂತೆ. ಬಣ್ಣ ಅತ್ತೆಯವರೇ ಆರಿಸಿದ್ದು, ಅವರ ಮದುವೆಯ ಧಾರೆ ಸೀರೆಯ ಅಂಚು ಅದೇ ಗಿಳಿಹಸಿರು. ಅಷ್ಟು ಹೊತ್ತಿಗೆ ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪಾಗಿತ್ತು. ಪುಸ್ತಕದ ಲೆಕ್ಕಕ್ಕೆ ಹೋದರೆ ಹಸಿರು ಕೊಳೆ, ಮಕ್ಕಳ ಸೀಟು ಆಮೇಲೆ ಸೇರಿಸಿದ್ದು, ಎರಡೂ ಹೋಗಬೇಕು. ಮಗ ಹಾಗೇ ವಾದಿಸಿದ. ನಾನು ಒಪ್ಪಲಿಲ್ಲ. ಹಿಂದಿನ ಕ್ಯಾರಿಯರು ನಾಟಿಂಗ್‌ಹ್ಯಾಮಿನದಲ್ಲ, ಮಾವನವರು ಶಿವಾಜಿನಗರದಲ್ಲಿ ಹಾಕಿಸಿದ್ದು. ಅತ್ತೆ ಕೂತು ಓಡಾಡಿದ್ದು ಅದರ ಮೇಲೆಯೇ. ಅದರ ಹಸಿರನ್ನು ಮುಟ್ಟಲಿಲ್ಲ, ತುಕ್ಕು ಬಿಡಿಸಿ ಹಾಗೇ ಬಿಟ್ಟೆವು. ಮಕ್ಕಳ ಸೀಟಿನ ಹಿಡಿಕೆ ಅಡ್ಡ ಕೊಳವೆಯ ಬಣ್ಣವನ್ನು ಉಂಗುರದಂತೆ ಸವೆಸಿತ್ತು. ಆ ಗುರುತನ್ನು ಮುಚ್ಚಲು ಬಣ್ಣ ಹಚ್ಚಲಿಲ್ಲ. ಸೀಟನ್ನು ಮಾತ್ರ ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದೇವೆ. ಹಳೆ ಸೈಕಲ್ಲು ಬಲ್ಲವರು ಯಾರಾದರೂ ಬಂದು ಕ್ಯಾರಿಯರು ನೋಡಿ ಹುಬ್ಬು ಹಾರಿಸಿದರೆ ಹಾರಿಸಲಿ.

ಒಳಗಿನ ಕೆಲಸ ಚಾಚಾನದು

ಓವರಾಯಿಲಿಂಗ್ ಎಂದು ನಮ್ಮ ಮೆಕ್ಯಾನಿಕ್‌ಗಳು ಹೇಳುವ ಪೂರ್ತಿ ಬಿಚ್ಚಿ ಕಟ್ಟುವ ಕೆಲಸಕ್ಕೆ ಅನುಭವಿ ಕೈಯೇ ಬೇಕು. ನಾವು ತಿಳಿದಿರಬೇಕಾದದ್ದು ಇಷ್ಟು. ಎಡ ಪೆಡಲಿನ ತಿರುಪು ಉಲ್ಟಾ. ಬಲಗಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಬಲ ಹಾಕಿದರೆ ತಿರುಪಿನ ಹಲ್ಲು ಕಿತ್ತುಹೋಗುತ್ತದೆ. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿದ ಕಾಟರ್ ಪಿನ್ನಿಗೆ ಸುತ್ತಿಗೆಯಿಂದ ಸುಮ್ಮನೆ ಬಡಿಯಬಾರದು, ಎರಡು ದಿನ ಮೊದಲೇ ಎಣ್ಣೆ ಬಿಟ್ಟು ನೆನೆಸಬೇಕು. ಅದರೊಳಗೆ ಎಡಕ್ಕೆ 11, ಬಲಕ್ಕೆ 11 ಕಾಲಿಂಚಿನ ಉಕ್ಕಿನ ಗುಂಡುಗಳಿರುತ್ತವೆ. ಬಿಚ್ಚುವಾಗ ಕೆಳಗೊಂದು ಮೊರ ಹಿಡಿಯಿರಿ!

ರ‍್ಯಾಲಿಯಲ್ಲಿ ಇನ್ನೊಂದು ತಕರಾರು. ಬೇರೆ ಇಂಗ್ಲಿಷ್ ಸೈಕಲ್ಲುಗಳ ಅಚ್ಚಿನ ಬಟ್ಟಲಿಗೆ ಇಂಚಿಗೆ 24 ಸುತ್ತು ತಿರುಪು ಇದ್ದರೆ, ರ‍್ಯಾಲಿಯವರು ಹಟಕ್ಕೆ ಬಿದ್ದವರಂತೆ 26 ಇಟ್ಟರು. ಕಣ್ಣಿಗೆ ಎರಡೂ ಒಂದೇ. ಬೇರೆಯದನ್ನು ತುರುಕಿದರೆ ಕೊಳವೆಯ ಒಳಗಿನ ಹಲ್ಲೇ ಹಾಳು. ಆದ್ದರಿಂದ ಹಳೆಯ ಬಟ್ಟಲು ಸವೆದಿದ್ದರೂ ಎಸೆಯಬೇಡಿ. ನಮ್ಮದನ್ನು ತೊಳೆದು, ಹೊಸ ಗುಂಡು ಹಾಕಿ, ಗ್ರೀಸು ತುಂಬಿ ಚಾಚಾ ಅದನ್ನೇ ಕೂರಿಸಿದರು.

ಹಿಂದಿನ ಚಕ್ರದ ಹಬ್ಬಿನಲ್ಲಿ ಮೂರು ಗೇರು. ಸ್ಟರ್ಮಿ-ಆರ್ಚರ್ ಎಂದು ಹೆಸರು, ಪಕ್ಕದಲ್ಲಿ 54 ಎಂಬ ಅಂಕಿ. ಅದು 1954, ಹಬ್ಬು ತಯಾರಾದ ವರ್ಷ. ಹಳೆಯ ಸೈಕಲ್ಲಿನ ವಯಸ್ಸು ತಿಳಿಯಲು ಇದು ಒಳ್ಳೆಯ ದಾರಿ. ಈ ಮಾದರಿ ಹೊರಬಂದದ್ದು 1936ರಲ್ಲಿ. ನಡುವಿನ ಗೇರು ಸಾಧಾರಣ, ಏರಿಗೆ ಕಾಲು ಭಾಗ ಹಗುರ, ಇಳಿಜಾರಿಗೆ ಮೂರನೇ ಒಂದು ಭಾಗ ಬಿರುಸು. ಅಷ್ಟು ವರ್ಷ ನಿಂತಿದ್ದರೂ ಒಳಗೆ ಒಂದು ಹಲ್ಲೂ ಮುರಿದಿರಲಿಲ್ಲ, ಎಣ್ಣೆ ಒಣಗಿ ಅಂಟಾಗಿತ್ತು ಅಷ್ಟೇ. ಹಬ್ಬಿನ ಮೇಲಿನ ಪುಟ್ಟ ಮುಚ್ಚಳ ಎತ್ತಿ ಸ್ಕೂಟರಿಗೆ ಹಾಕುವ ಇಂಜಿನ್ ಎಣ್ಣೆ ಒಂದು ಚಮಚ ಬಿಟ್ಟರೆ ಸಾಕು. ಮನೆಯ ಕೊಬ್ಬರಿ ಎಣ್ಣೆ ಬಿಡಬೇಡಿ, ಬೆಂಗಳೂರಿನ ಚಳಿಗೆ ಶೀಶೆಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಅದು.

ಚರ್ಮದ ಸೀಟಿಗೂ ಕೊಬ್ಬರಿ ಎಣ್ಣೆ ಕೂಡದು. ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಶುರುವಾದ ಬ್ರೂಕ್ಸ್ ಕಂಪನಿಯ ಸೀಟು ನಮ್ಮದು. ಹೆಚ್ಚು ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ಹಳೆ ಮಂಚದ ನವಾರಿನಂತೆ ಜೋತುಬೀಳುತ್ತದೆ. ಚರ್ಮಕ್ಕೆಂದೇ ಬರುವ ಮೇಣವನ್ನು ತೆಳುವಾಗಿ ಹಚ್ಚಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒಣಬಟ್ಟೆಯಲ್ಲಿ ಉಜ್ಜಿ. ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ಮಾಡಿದೆವು. ಬಿಸಿಲಿಗೆ ಇಡಬೇಡಿ.

ಖರ್ಚು ಎಷ್ಟಾಯಿತು?

ಕೇಳಿಯೇ ಕೇಳುತ್ತೀರಿ, ನಾನಾದರೂ ಕೇಳುತ್ತಿದ್ದೆ. ಟೈರು, ಟ್ಯೂಬು ಎರಡೆರಡು, ಬ್ರೇಕಿನ ರಬ್ಬರು, ಗುಂಡು, ಗ್ರೀಸು, ಕಾಟರು, ಸೀಟಿನ ಮೇಣ, ಚಾಚಾನ ಕೂಲಿ ಎಲ್ಲ ಸೇರಿ ನಾಲ್ಕು ಸಾವಿರದ ಮುನ್ನೂರು. ನಮ್ಮ ದೇಶದಲ್ಲಿ ಒಂದು ಅನುಕೂಲ ಇದೆ. ಆ ಹಳೆಯ 28ರ ಚಕ್ರದ ಅಳತೆ, ಮುಂದೆ 32 ಹಿಂದೆ 40 ಕಡ್ಡಿಯ ಲೆಕ್ಕ, ಸರಳಿನ ಬ್ರೇಕು, ಇವೇ ಇವತ್ತಿಗೂ ನಮ್ಮ ಹಾಲಿನವರ ಸೈಕಲ್ಲಿನಲ್ಲಿವೆ. ಟೈರು, ಕಡ್ಡಿ, ರಬ್ಬರು ಯಾವ ಊರಿನ ಸೈಕಲ್ ಅಂಗಡಿಯಲ್ಲೂ ಸಿಗುತ್ತವೆ, ತುಮಕೂರಾಗಲಿ ಕೋಲಾರವಾಗಲಿ. ಬೇರೆ ದೇಶಗಳಲ್ಲಿ ಈ ಅಳತೆಯ ಟೈರಿಗಾಗಿ ಜನ ಪರದಾಡುತ್ತಾರಂತೆ.

ಆ ಸರಳಿನ ಬ್ರೇಕಿನ ಬಗ್ಗೆ ಒಂದು ಎಚ್ಚರಿಕೆ. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ಅದು ಹಿಡಿಯುವುದಿಲ್ಲ. ಈಗಿನ ಹಳೆ ಮದ್ರಾಸ್ ರಸ್ತೆಗೆ ಅದನ್ನು ಇಳಿಸುವ ಮಾತೇ ಇಲ್ಲ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮವರು ಹಲಸೂರು ಕೆರೆಯ ಕಡೆ ಒಂದು ಸುತ್ತು ಹೋಗಿ ಬರುತ್ತಾರೆ. ಹೋದ ತಿಂಗಳು ಅತ್ತೆಯವರನ್ನು ಗೇಟಿನವರೆಗೆ, ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡೇ, ಹಸಿರು ಕ್ಯಾರಿಯರಿನ ಮೇಲೆ ಕೂರಿಸಿ ಕರೆದೊಯ್ದರು. ಎಪ್ಪತ್ತೆಂಟರ ಅತ್ತೆ ಗೇಟಿನ ಬಳಿ ತಾವಾಗಿಯೇ ಇಳಿದುಬಿಟ್ಟರು. ಯಾಕಮ್ಮಾ ಅಂದರೆ, "ಪೊಲೀಸ್ನೋರು ಇದ್ರೆ?" ಅಂದರು.

ಮುಗಿಯದ ಕೆಲಸ ಒಂದೇ ಉಳಿದಿದೆ. ಬೆಲ್ಲಿನ ತಳ ಇದೆ, ಮೇಲಿನ ಬಟ್ಟಲಿಲ್ಲ. ಹಳೆಯ ಲೂಕಾಸ್ ಬೆಲ್ಲಿನ ಬಟ್ಟಲು, ಈಗಿನ ತೆಳು ತಗಡು ಅದಕ್ಕೆ ಕೂರುವುದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಮಗ ತಿಂಗಳಿಗೊಮ್ಮೆ ಹುಡುಕುತ್ತಾನೆ, ಚಾಚಾನೂ ಕಣ್ಣಿಟ್ಟಿದ್ದಾರೆ. ಅದು ಸಿಗುವವರೆಗೆ ನಮ್ಮವರು ಎದುರಿಗೆ ಯಾರಾದರೂ ಬಂದರೆ ಬಾಯಲ್ಲೇ "ಟ್ರಿಣ್ ಟ್ರಿಣ್" ಅನ್ನುತ್ತಿದ್ದಾರೆ.